ಒಂಬತ್ತನೇ ಮನೆಯ ಇಲಿಗಳು

ಫೆಬ್ರವರಿ 4

ಅಮ್ಮಾವ್ರಿಗೆ ಬೀಗದ ಮಾಮ ಮಾಡುವ ನಮಸ್ಕಾರಗಳು.

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಕಡಲತೀರದ ಇಪ್ಪತ್ತೆರಡು ರಜಾಮನೆಗಳ ಕೀಲಿಗೊಂಚಲು ಈಗಲೂ ನನ್ನ ಸೊಂಟದಲ್ಲೇ ಇದೆ. ನಿಮ್ಮ ತಂಗಿಯವರ ಮನೆಗೆ ಫೋನ್ ಮಾಡಿದ್ದೆ. "ಅಕ್ಕನಿಗೆ ಫೋನಲ್ಲಿ ಕಿವಿ ಕೇಳಿಸಲ್ಲ, ಏನಿದ್ರೂ ಬರೆದು ಹಾಕಿ" ಎಂದರು. ಅದಕ್ಕೇ ಈ ಕಾಗದ.

ಈ ವರ್ಷ ಇಲಿಗಳ ಉಪದ್ರವ್ಯ ಮಿತಿ ಮೀರಿದೆ. ನಾಲ್ಕನೇ ಮನೆಯ ಹಾಸಿಗೆ ಹರಿದು ಹತ್ತಿ ಎಳೆದಿವೆ. ಹದಿನೈದರಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಪೈಪು ಕಡಿದು ಮನೆಯೆಲ್ಲ ನೀರು. ಏಳನೇ ಮನೆಯ ಬಚ್ಚಲಲ್ಲಿ ಮೂರು ಸೋಪು ಖಾಲಿ. ರಜೆಗೆ ಬಂದವರು ಬಿಸ್ಕತ್ತಿನ ಪೊಟ್ಟಣ ಬಾಯಿ ತೆರೆದೇ ಬಿಟ್ಟು ಹೋಗುತ್ತಾರೆ. ಆಮೇಲೆ ಎಂಟು ತಿಂಗಳು ಮನೆ ಇಲಿಗಳದ್ದೇ.

ಮಾಲೀಕರ ಸಂಘದವರು ಪೇಟೆಯಿಂದ ಇಲಿ ಹಿಡಿಯುವವರೊಬ್ಬರನ್ನು ಕರೆಸಿದ್ದಾರೆ. ಬಾಯಿ ತೆರೆದರೆ ಪಾಠ ಶುರು ಮಾಡುತ್ತಾರೆ, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಇಲಿ ಮೇಷ್ಟ್ರು. ಎಲ್ಲ ಮನೆಗಳನ್ನೂ ತೆರೆದು ನೋಡಬೇಕಂತೆ. ಇಪ್ಪತ್ತೊಂದು ಮನೆಯವರು ಒಪ್ಪಿದ್ದಾರೆ. ಉಳಿದಿರುವುದು ನಿಮ್ಮ ಒಂಬತ್ತನೆಯದು. ಅದರ ಬೀಗ ತೆಗೆಯಬಾರದೆಂದು ನೀವು ಹೇಳಿ ಹೋದ ದಿನದಿಂದ ಆ ಕೀಲಿಯನ್ನು ನಾನು ಗೊಂಚಲಿನಿಂದಲೇ ತೆಗೆದಿಟ್ಟಿದ್ದೇನೆ. ಈಗ ಅಪ್ಪಣೆ ಬೇಕು.

ನನಗೆ ಬೀಗದ ಮಾಮ ಎಂದು ಹೆಸರಿಟ್ಟ ನಿಮ್ಮ ಮಗಳು, ನಮ್ಮ ಪೀಪಿ, ಎಲ್ಲಿದ್ದರೂ ಚೆನ್ನಾಗಿದ್ದಾಳೆಂದು ನಂಬಿದ್ದೇನೆ.

ಇಂತಿ,
ಬೀಗದ ಮಾಮ


ಫೆಬ್ರವರಿ 12

ಬೀಗದ ಮಾಮನವರಿಗೆ,

ಉಪದ್ರವ್ಯ ಅಲ್ಲ, ಉಪದ್ರವ. ದ್ರವ್ಯ ಎಂದರೆ ಬೇರೆ. ಮೂವತ್ತೆರಡು ವರ್ಷ ಮುದ್ರಣಾಲಯದಲ್ಲಿ ಕೂತು ಪ್ರೂಫ್ ತಿದ್ದಿದವಳು ನಾನು. ಕಣ್ಣಿಗೆ ಬಿದ್ದದ್ದನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಇಲಿಗಳ ವಿಷಯ. ನನ್ನ ಮನೆಯಲ್ಲಿ ಇಲಿಗೆ ತಿನ್ನಲು ಏನೂ ಇಲ್ಲ. ನಾಲ್ಕು ವರ್ಷದಿಂದ ಅಲ್ಲಿ ಒಲೆ ಹಚ್ಚಿಲ್ಲ. ಬಿಸ್ಕತ್ತು ಚೆಲ್ಲಿದವರ ಮನೆಗಳಲ್ಲಿ ಹುಡುಕಲಿ. ಬೀಗ ತೆಗೆಯಕೂಡದು. ಕಾರಣ ನಿಮಗೆ ಗೊತ್ತಿದೆ, ಸಂಘದವರಿಗೆ ಗೊತ್ತಾಗಬೇಕಾಗಿಲ್ಲ.

ಕಾಗದದ ಕೊನೆಯಲ್ಲಿ ನೀವು ಕೇಳದೆಯೇ ಕೇಳಿದ್ದಕ್ಕೆ ಉತ್ತರ: ನನಗೆ ಗೊತ್ತಿಲ್ಲ.

ಇಂತಿ,
ಒಂಬತ್ತನೇ ಮನೆ


ಫೆಬ್ರವರಿ 20

ಅಮ್ಮಾವ್ರಿಗೆ ನಮಸ್ಕಾರ.

ಉಪದ್ರವ. ಹತ್ತು ಸಲ ಬರೆದು ಕಲಿತೆ.

ನಿಮ್ಮ ಮಾತನ್ನು ಸಂಘದ ಕಾರ್ಯದರ್ಶಿಗೆ ಹೇಳಿದೆ. ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು, "ಜಗಳ ಯಾಕೆ, ಇಲಿಗಳನ್ನೇ ಕೇಳೋಣ" ಎಂದರು. ಸಂಜೆ ಮನೆಗಳ ನಡುವಿನ ಓಣಿಯುದ್ದಕ್ಕೂ ತೆಳ್ಳಗೆ ಹಿಟ್ಟು ಉದುರಿಸಿದರು. ಬೆಳಗ್ಗೆ ನಾವೆಲ್ಲ ಬಗ್ಗಿ ನೋಡಿದೆವು. ಸಣ್ಣ ಸಣ್ಣ ಪಾದ, ನಡುವೆ ಬಾಲ ಎಳೆದ ಗೆರೆ. ನಾಲ್ಕರಿಂದ, ಏಳರಿಂದ, ಹದಿನೈದರಿಂದ, ಎಲ್ಲ ಗೆರೆಗಳೂ ಬಂದು ಸೇರಿದ್ದು ನಿಮ್ಮ ಅಡುಗೆಮನೆಯ ನೀರು ಹೋಗುವ ಕೊಳವೆಗೆ. ಅದರ ಸುತ್ತಲಿನ ಗಾರೆ ಉದುರಿ ಒಂದು ಮುಷ್ಟಿ ತೂತಾಗಿದೆ. ತೂತಿನ ಅಂಚು ಇಲಿಗಳ ಮೈ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದಂತೆ ಕಪ್ಪಗಿದೆ.

"ಊಟಕ್ಕೆ ಊರೆಲ್ಲ ತಿರುಗ್ತಾವೆ, ಸಂಸಾರ ಮಾಡೋದು ಇಲ್ಲಿ. ಯಾರೂ ಓಡಾಡದ ಮನೆ ಅಂದ್ರೆ ಅವಕ್ಕೆ ಅರಮನೆ" ಎಂದರು ಮೇಷ್ಟ್ರು. ನೀವು ಹತ್ತು ದಿನದಲ್ಲಿ ಒಪ್ಪದಿದ್ದರೆ ಬೀಗ ಒಡೆಸುತ್ತೇನೆ ಎನ್ನುತ್ತಿದ್ದಾರೆ ಕಾರ್ಯದರ್ಶಿ. ಒಡೆಯುವುದು ಬೇಡ ಅಮ್ಮಾವ್ರೇ. ನಾನೇ ತೆಗೆಯುತ್ತೇನೆ. ಬೇರೆಯವರು ಮೆಟ್ಟಿಲು ಹತ್ತುವ ಮುಂಚೆ ನಾನೊಬ್ಬನೇ ಒಳಗೆ ಹೋಗಿ, ಯಾವುದನ್ನು ಮುಟ್ಟಬಾರದೋ ಅದನ್ನು ಮುಚ್ಚಿಡುತ್ತೇನೆ.

ಬೀಗದ ಮಾಮ


ಮಾರ್ಚ್ 1

ಬೀಗದ ಮಾಮನವರಿಗೆ,

ಸರಿ. ನೀವೇ ತೆಗೆಯಿರಿ. ಹಾಲ್ ಮತ್ತು ಅಡುಗೆಮನೆ, ಅಷ್ಟೇ. ಕಡಲ ಕಡೆಯ ಕೋಣೆಯ ಬಾಗಿಲಿಗೆ ಯಾರೂ ಕೈ ಹಚ್ಚಬಾರದು.

ಮೇಜಿನ ಮೇಲೆ ಎರಡು ತಟ್ಟೆ ಇರಬಹುದು. ಎತ್ತಿಬಿಡಿ. ಆ ದಿನ ನಾವು ಊಟಕ್ಕೆ ಕೂತಿದ್ದೆವು. ನಿವೃತ್ತಿಯಾಗಿ ಹದಿನೈದು ದಿನವಾಗಿತ್ತು. ಬಾಡಿಗೆ ಮನೆ ಬಿಟ್ಟು, ಇನ್ನು ಮುಂದೆ ಕಡಲೇ ಗತಿ ಎಂದು ಸಾಮಾನು ಕಟ್ಟಿಕೊಂಡು ಬಂದಿದ್ದೆ. ಆಗ ಪೀಪಿ, ಓದು ಬಿಟ್ಟಿದ್ದೇನೆ, ಇಲ್ಲಿ ಈಜುವವರನ್ನು ಕಾಯುವ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅನ್ನ ಕಲಸಿದ ಕೈಯಲ್ಲೇ ಎದ್ದು ಹೋದಳು. ಅವಳ ಚಪ್ಪಲಿ, ಓದುತ್ತಿದ್ದ ಪುಸ್ತಕ, ಒಗೆದು ಮಡಿಸಿದ ಬಟ್ಟೆ ಎಲ್ಲ ಆ ಕೋಣೆಯಲ್ಲಿವೆ. ಬಂದರೆ ತನ್ನದೆಲ್ಲ ಇಟ್ಟಲ್ಲೇ ಇದೆ ಎಂದು ಅವಳಿಗೆ ಕಾಣಬೇಕು.

ಮರುದಿನ ನಾನು ತಂಗಿಯ ಮನೆಗೆ ಬಂದೆ. ಸಾಮಾನೂ ಬಿಚ್ಚಲಿಲ್ಲ. ಒಂದು ದಿನವಾದರೂ ಕಾಗದ ಬರೆಯುತ್ತಾಳೆ ಎಂದುಕೊಂಡಿದ್ದೆ. ಬರೆಯಲಿಲ್ಲ. ಅಷ್ಟು ಹಠ ಯಾರಿಂದ ಬಂತೆಂದು ಕೇಳಬೇಡಿ.

ಒಂಬತ್ತನೇ ಮನೆ


ಮಾರ್ಚ್ 9

ಅಮ್ಮಾವ್ರಿಗೆ ನಮಸ್ಕಾರ.

ಕೆಲಸ ಮುಗಿಯಿತು. ಮೊದಲು ಒಂದು ಒಳ್ಳೆಯ ಸುದ್ದಿ. ಕಡಲ ಕಡೆಯ ಕೋಣೆಗೆ ಒಂದೇ ಒಂದು ಇಲಿಯೂ ಹೋಗಿಲ್ಲ. ಆ ಬಾಗಿಲು ನೆಲಕ್ಕೆ ಕಚ್ಚಿ ಕೂತಿದೆ. ಮೇಷ್ಟ್ರು ಹೊರಗಿನ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿ, "ಬರೀ ಧೂಳು, ಇಲಿ ಸುಳಿದ ಗುರುತೇ ಇಲ್ಲ" ಎಂದರು. ಬಾಗಿಲು ತೆಗೆಯಲಿಲ್ಲ.

ಹಾಲಿನ ಸೋಫಾದ ಹೊಟ್ಟೆಯಲ್ಲಿ ಗೂಡಿತ್ತು. ಮೂರು ದಿನದಲ್ಲಿ ಬೋನಿಗೆ ದೊಡ್ಡವು ಮೂವತ್ತೊಂದು ಬಿದ್ದವು. ಮರಿಗಳು ಬೇರೆ. ವಿಷ ಇಡಬೇಡಿ, ಗೋಡೆಯೊಳಗೆ ಸತ್ತರೆ ಬೇಸಿಗೆಯೆಲ್ಲ ನಾತ ಎಂದು ನಾನೇ ಹೇಳಿದೆ. ಕೊಳವೆಯ ತೂತಿಗೆ ತಂತಿಯ ಜಾಲರಿ ತುರುಕಿ ಸಿಮೆಂಟು ಹಾಕಿಸಿದ್ದೇನೆ. ಗೂಡನ್ನು ಹಿತ್ತಲಲ್ಲಿ ಸುಟ್ಟೆವು. ಅದರಲ್ಲಿ ಹತ್ತಿ, ಪರದೆ ಬಟ್ಟೆ, ಒಂದಿಷ್ಟು ಕಾಗದದ ಚೂರು ಇತ್ತು. ತಟ್ಟೆಗಳನ್ನು ತೊಳೆದಿಟ್ಟಿದ್ದೇನೆ. ಮನೆ ಈಗ ಸ್ವಚ್ಛ. ನೀವು ಚಿಂತೆ ಮಾಡಬೇಕಾದ್ದು ಏನೂ ಇಲ್ಲ.

ಬೀಗದ ಮಾಮ


ಮಾರ್ಚ್ 15

ಬೀಗದ ಮಾಮನವರಿಗೆ,

ಉಪಕಾರವಾಯಿತು. ಕೋಣೆ ಹಾಗೇ ಇದೆ ಎಂದು ಓದಿ ಎಷ್ಟೋ ದಿನದ ಮೇಲೆ ಮಧ್ಯಾಹ್ನ ಕಣ್ಣು ಹತ್ತಿತು.

ಒಂದು ವಿಷಯ. "ಕಾಗದದ ಚೂರು ಇತ್ತು" ಎಂದ ಮೇಲೆ ನೀವು ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಮೇಲಿಂದ ಮೇಲೆ ಗೀಚಿದ್ದೀರಿ. ಹೊಡೆದುಹಾಕಿದ ಸಾಲುಗಳನ್ನು ಓದುವುದೇ ನನ್ನ ಕಸುಬಾಗಿತ್ತು, ಮಾಮ. ಹಾಳೆ ತಿರುವಿ ಕಿಟಕಿಗೆ ಹಿಡಿದರೆ ಪೆನ್ನು ಒತ್ತಿದ ಗುರುತು ಕಾಣುತ್ತದೆ. "ಕೈಬರಹ" ಎಂಬ ಒಂದು ಪದ ಸಿಕ್ಕಿತು. ಮುಂದೆ "ಗುರುತು" ಎಂದೋ "ಗುರುತಿನ" ಎಂದೋ ಇದೆ.

ಆ ಮನೆಯ ಹಾಲಿನಲ್ಲಿ ನಾನು ಬರೆದ ಕಾಗದ ಯಾವುದೂ ಇರಲಿಲ್ಲ. ಯಾರ ಕೈಬರಹ?

ಒಂಬತ್ತನೇ ಮನೆ


ಮಾರ್ಚ್ 22

ಅಮ್ಮಾವ್ರೇ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಿಮ್ಮ ಮುಂಬಾಗಿಲಲ್ಲಿ ಅಂಚೆ ಹಾಕುವ ಸೀಳು ಇದೆಯಲ್ಲ. ಬೇರೆ ಮನೆಗಳಲ್ಲಿ ತಿಂಗಳಿಗೊಮ್ಮೆ ನಾನು ಬೀಗ ತೆಗೆದು ಒಳಗೆ ಬಿದ್ದ ಕಾಗದ ಆರಿಸಿ ಮಾಲೀಕರಿಗೆ ಕಳಿಸುತ್ತೇನೆ. ನಿಮ್ಮ ಮನೆಗೆ ಕಾಲಿಡಬಾರದೆಂದಿದ್ದಿರಿ, ಇಡಲಿಲ್ಲ. ಎರಡು ಸಲ, ಮಳೆ ನಿಂತ ಮೇಲೆ ಕಿಟಕಿ ಒರೆಸುವಾಗ, ನೆಲದ ಮೇಲೆ ಬೆಳ್ಳಗೆ ಏನೋ ಬಿದ್ದದ್ದು ಕಂಡಿತ್ತು. ಜಾಹೀರಾತು ಇರಬೇಕು, ಬಿಲ್ಲು ಇರಬೇಕು ಎಂದುಕೊಂಡೆ. ನಿಮಗೊಂದು ಸಾಲು ಬರೆದು ಕೇಳಬಹುದಿತ್ತು. ಆ ದಿನ ನೀವು ಹೊರಟ ಮುಖ ನೆನಪಾಗಿ ಧೈರ್ಯ ಬರಲಿಲ್ಲ. ಮೂರನೇ ಸಲ ನೋಡಿದಾಗ ನೆಲ ಖಾಲಿ ಇತ್ತು. ಖಾಲಿ ಹೇಗಾಯಿತು ಎಂದೂ ನಾನು ಯೋಚಿಸಲಿಲ್ಲ.

ಸೋಫಾದ ಗೂಡು ಹೊರಗೆ ತಂದಾಗ ಸಣ್ಣ ಸಣ್ಣ ಕಾಗದದ ಎಳೆಗಳನ್ನು ಬಟ್ಟಲಿನ ಹಾಗೆ ಸುತ್ತಿ, ನಡುವೆ ಮರಿಗಳನ್ನು ಇಟ್ಟಿದ್ದವು. ಮೇಷ್ಟ್ರು, "ಇದ್ರಲ್ಲಿ ಎಲ್ಲಾ ರೋಗಾನೂ ಇರುತ್ತೆ, ತಡ ಮಾಡ್ಬೇಡಿ" ಎಂದರು. ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ದರು. ಸೀಮೆಎಣ್ಣೆ ಹಾಕಿ ಕಡ್ಡಿ ಗೀರಿದವನು ನಾನು. ಬೆಂಕಿ ಹತ್ತಿದ ಮೇಲೆ ಒಂದು ಚೂರು ಬಿಚ್ಚಿಕೊಂಡಿತು. ನೀಲಿ ಶಾಯಿ. ಕೊಂಬು, ಒತ್ತು ಎಲ್ಲ ಬಲಕ್ಕೆ ವಾಲಿದ್ದವು. ಚಿಕ್ಕವಳಿದ್ದಾಗ ನನ್ನ ಕೀಲಿಗಳಿಗೆಲ್ಲ ಚೀಟಿ ಬರೆದು ಕಟ್ಟಿದವಳು ಅವಳು. ಆ ಅಕ್ಷರ ನನಗೆ ಗೊತ್ತಿಲ್ಲವೇ?

ಕೈ ಹಾಕಿ ಎಳೆದೆ. ಆರು ಚೂರು ಸಿಕ್ಕಿದವು. ಒಂದು ಲಕೋಟೆಯ ಹಿಂಬದಿ. ಉಳಿದವುಗಳಲ್ಲಿ ಮೇಲಿದ್ದ ಒಂದನ್ನು ಮಾತ್ರ ಓದಿದೆ. "ಹೆಣ್ಣು ಮಗು" ಎಂದಿತ್ತು. ಮಿಕ್ಕದ್ದು ನಿಮ್ಮದು ಎಂದು ಓದಲಿಲ್ಲ. ಇದರ ಜೊತೆ ಇಟ್ಟಿದ್ದೇನೆ.

ಅಮ್ಮಾವ್ರೇ, ತಪ್ಪು ನನ್ನದು. ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಮುಖವೂ ಇಲ್ಲ. ಆದರೆ ನೀವು ಅಜ್ಜಿಯಾಗಿದ್ದೀರಿ.

ಬೀಗದ ಮಾಮ


ಮಾರ್ಚ್ 30

ಬೀಗದ ಮಾಮನವರಿಗೆ,

ನಿಮ್ಮ ಲಕೋಟೆ ಬಂದು ಮೂರು ದಿನವಾಯಿತು. ಮೊದಲ ದಿನ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗೆ ಸಿಕ್ಕಿದ್ದರೆ ಏನನ್ನುತ್ತಿದ್ದೆನೋ. ಎರಡನೇ ದಿನ, ಬೀಗ ತೆಗೆಯಬೇಡಿ ಎಂದವರು ಯಾರು ಎಂದು ತಂಗಿ ಕೇಳಿದಳು. ಆಮೇಲೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ.

ನಾನು ಊರಿಗೆಲ್ಲ ಹೊಸ ವಿಳಾಸ ಕಳಿಸಿದೆ. ಬ್ಯಾಂಕಿಗೆ, ಪಿಂಚಣಿ ಕಚೇರಿಗೆ, ಹಳೆಯ ಮುದ್ರಣಾಲಯಕ್ಕೆ. ಅವಳಿಗೆ ಕಳಿಸಲಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ಮನೆಯೊಂದೇ. ನಾನು ಅಲ್ಲೇ ಇದ್ದೇನೆ, ದಿನಾ ಬಾಗಿಲ ಬಳಿ ಅವಳ ಕಾಗದ ಎತ್ತಿಕೊಳ್ಳುತ್ತಿದ್ದೇನೆ ಎಂದೇ ತಿಳಿದಿರುತ್ತಾಳೆ.

ಚೂರುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿಕೊಂಡು ಭೂತಗನ್ನಡಿ ಹಿಡಿದು ಕೂತೆ. ಒಂದರಲ್ಲಿ "ನಿನ್ನ ಸಿಟ್ಟು ಇಳಿದಿದ್ದರೆ". ಒಂದರಲ್ಲಿ "ಹೆಣ್ಣು ಮಗು, ಮೂಗು ನಿನ್ನದೇ, ಪಾಪ". ಆ "ಪಾಪ" ಓದಿ ನಕ್ಕೆ. ತಂಗಿ ಓಡಿ ಬಂದಳು, ಅಳುತ್ತಿದ್ದೇನೆಂದು. ಒಂದರಲ್ಲಿ "ತಪ್ಪಿದ್ದರೆ ತಿದ್ದಬೇಡ ಅಮ್ಮಾ, ಓದು ಅಷ್ಟೇ".

ಇದು ನಿಮಗೆ ಅರ್ಥವಾಗುವುದಿಲ್ಲ. ಅವಳು ಹಾಸ್ಟೆಲಿನಿಂದ ಬರೆದ ಕಾಗದಗಳನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದೆ. ಒಳ್ಳೆಯದಾಗಲಿ ಎಂದೇ. ವರ್ಷ ಕಳೆದಂತೆ ಅವಳ ಕಾಗದಗಳು ಚಿಕ್ಕವಾಗುತ್ತ ಬಂದವು. ತಪ್ಪು ಕಡಿಮೆಯಾಗುತ್ತಿದೆ ಎಂದು ಹೆಮ್ಮೆಪಟ್ಟಿದ್ದೆ.

ನಾಲ್ಕನೆಯದರಲ್ಲಿ ಬರೀ ತಾರೀಕು. ಐದನೆಯದು ನನಗೊಬ್ಬಳಿಗೇ ಇರಲಿ. ಲಕೋಟೆಯ ಹಿಂದೆ ಅರ್ಧ ವಿಳಾಸ ಉಳಿದಿದೆ: ಬೇಕರಿಯ ಮೇಲಿನ ಮಹಡಿ, ರೈಲ್ವೆ ಗೇಟಿನ ಹತ್ತಿರ. ಅಂಚೆಯ ಮುದ್ರೆಯಲ್ಲಿ ಊರಿನ ಹೆಸರು ಓದುವ ಹಾಗಿದೆ. ಬಸ್ಸಿನಲ್ಲಿ ಒಂದು ದಿನದ ದಾರಿ.

ಹೋಗುತ್ತೇನೆ. ಅದಕ್ಕೆ ಮುಂಚೆ ಬರೆಯುವುದಿಲ್ಲ. ಬರೆದು, ಉತ್ತರ ಬರುವವರೆಗೆ ಕಾಯುವ ಶಕ್ತಿ ನನಗಿಲ್ಲ.

ಒಂಬತ್ತನೇ ಮನೆ


ಏಪ್ರಿಲ್ 25

ಅಮ್ಮಾವ್ರಿಗೆ ನಮಸ್ಕಾರ.

ತಿಂಗಳಾಯಿತು, ನಿಮ್ಮ ಸುದ್ದಿಯಿಲ್ಲ. ಮಗಳ ಮನೆಯಲ್ಲಿ ಮೊಮ್ಮಗಳ ಜೊತೆ ಇದ್ದವರಿಗೆ ಕಾಗದ ಬರೆಯಲು ಪುರುಸೊತ್ತು ಎಲ್ಲಿ ಎಂದು ನನ್ನ ಹೆಂಡತಿ ಹೇಳಿದಳು. ಹಾಗೇ ಆಗಿರಲಿ.

ರಜೆಯವರು ಬಂದಿದ್ದಾರೆ. ಇಲಿ ಕಡಿಮೆ. ಹೋಗುವಾಗ ಮೇಷ್ಟ್ರು ಎಲ್ಲ ಮಾಲೀಕರನ್ನೂ ನಿಲ್ಲಿಸಿ ಒಂದು ಗಂಟೆ ಪಾಠ ಮಾಡಿದರು. ಕಾರ್ಯದರ್ಶಿ ನಿಂತಲ್ಲೇ ತೂಕಡಿಸಿದರು.

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ, ಬೈಯಬೇಡಿ. ಹಳೆಯ ಸೋಫಾ ಎಸೆದ ಜಾಗ ಖಾಲಿ ಖಾಲಿ ಕಾಣುತ್ತಿತ್ತು. ನಾಲ್ಕನೇ ಮನೆಯವರು ತಮ್ಮ ಮಗುವಿನ ಮರದ ತೊಟ್ಟಿಲು ಬೇಡವೆಂದು ಹೊರಗಿಟ್ಟಿದ್ದರು. ತಂದು ಉಜ್ಜಿ ಹಳದಿ ಬಣ್ಣ ಹೊಡೆದೆ. ಮಗುವಿಗೆ ಈಗ ತೊಟ್ಟಿಲಿನ ವಯಸ್ಸು ದಾಟಿರಬಹುದು. ಆದರೂ ಗೊಂಬೆ ಮಲಗಿಸಲಿಕ್ಕಾದರೂ ಆದೀತು. ಯಾವಾಗ ಬರುತ್ತೀರೆಂದು ಒಂದು ಸಾಲು ಬರೆದರೆ ಕಿಟಕಿಗಳನ್ನು ತೆರೆದು ಗಾಳಿ ಆಡಿಸಿಡುತ್ತೇನೆ.

ಬೀಗದ ಮಾಮ


ಮೇ 6

ಬೀಗದ ಮಾಮನವರಿಗೆ,

ತೊಟ್ಟಿಲನ್ನು ಯಾರಿಗಾದರೂ ಕೊಟ್ಟುಬಿಡಿ. ನೀವು ಮಾಡಿದ್ದು ತಪ್ಪಲ್ಲ. ನಾನು ಮೊದಲೇ ಹೇಳಬೇಕಿತ್ತು.

ನಿಮಗೆ ಹೇಳದೆ ಉಳಿಸಿಕೊಂಡ ಐದನೆಯ ಚೂರಿನಲ್ಲಿ ಇದ್ದದ್ದು ಇಷ್ಟು: "ಆಪರೇಷನ್ ಹದಿನೇಳಕ್ಕೆ, ನೀನು ಬಂದು ನನ್ನ ಪಕ್ಕ ಸುಮ್ಮನೆ ಕೂ". ಅಲ್ಲಿಗೆ ಚೂರು ಹರಿದಿತ್ತು. ಯಾರ ಆಪರೇಷನ್ ಎಂದು ಬರೆದಿರಲಿಲ್ಲ. ಅವಳದ್ದೇ ಇರಬೇಕು, ಹೆರಿಗೆಯದ್ದಿರಬೇಕು ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಹೋದೆ. ಕೈಚೀಲದಲ್ಲಿ ಮೂರು ಫ್ರಾಕು ಇದ್ದವು. ಅಳತೆ ಗೊತ್ತಿರಲಿಲ್ಲ, ಅದಕ್ಕೆ ಮೂರು.

ಬೇಕರಿಯ ಪಕ್ಕದ ಕಿರಿದಾದ ಮೆಟ್ಟಿಲು. ಅವಳೇ ಬಾಗಿಲು ತೆಗೆದಳು. ತೆಳ್ಳಗಾಗಿದ್ದಾಳೆ. "ಬನ್ನಿ" ಎಂದಳು. ಬಾ ಎನ್ನಲಿಲ್ಲ, ಬನ್ನಿ ಎಂದಳು. ಕುರ್ಚಿ ಒರೆಸಿ ಹಾಕಿದಳು, ಚಹಾ ಮಾಡಿ ತಂದಳು. ಮನೆಯಲ್ಲಿ ಒಂದು ಆಟದ ಸಾಮಾನೂ ಕಾಣಲಿಲ್ಲ. ಮಗು ಮಲಗಿದೆಯಾ ಎಂದು ಕೇಳಿದೆ.

"ಕಾಗದ ಓದಿಲ್ವಾ?" ಎಂದಳು.

ಹೃದಯದಲ್ಲಿ ತೂತಿತ್ತಂತೆ. ಹನ್ನೊಂದು ತಿಂಗಳ ಮಗು. ಹೋದ ವರ್ಷದ ಹಿಂದಿನ ವರ್ಷ, ಆ ಹದಿನೇಳರಂದೇ, ಆಪರೇಷನ್ ಮೇಜಿನಿಂದ ಜೀವಂತ ಇಳಿಸಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ತನ್ನ ಪಕ್ಕ ಒಂದು ಜಾಗ ಚೀಲ ಇಟ್ಟು ಹಿಡಿದಿದ್ದಳಂತೆ. ಯಾರೋ ಕೂರಬಹುದಾ ಎಂದು ಕೇಳಿದ್ದಕ್ಕೆ, "ಇಲ್ಲ, ನಮ್ಮಮ್ಮ ಬರ್ತಾರೆ" ಎಂದಳಂತೆ. ಇದನ್ನು ಅವಳು ಅಳದೆ ಹೇಳಿದಳು. ಬೇರೆ ಯಾರದೋ ಮನೆಯ ಕಥೆ ಹೇಳುವ ಹಾಗೆ.

ನಾನು ಎಲ್ಲ ಹೇಳಿದೆ. ಮನೆ ಮುಚ್ಚಿದ್ದು, ಸೀಳು, ಇಲಿ, ಗೂಡು. ಹೇಳುತ್ತಿದ್ದಂತೆ ಅದು ನನ್ನ ಕಿವಿಗೇ ಎಂಥ ಸುಳ್ಳಿನಂತೆ ಕೇಳಿಸಿತು ಗೊತ್ತೇ? ಸಾಕ್ಷಿಗೆ ಚೂರುಗಳನ್ನು ತೆಗೆದು ಅವಳ ಮುಂದಿಟ್ಟೆ. ಅಲ್ಲೇ ಕೆಟ್ಟಿತು. ಅವಳು ಒಂದೊಂದನ್ನೇ ಎತ್ತಿ ನೋಡಿದಳು. ಚಿಂದಿ ಅಂಚು, ಸುಟ್ಟ ಮೂಲೆ.

"ಹರಿದು, ಸುಟ್ಟು, ಆಮೇಲೆ ತಂದು ತೋರಿಸ್ತಿದ್ದೀರಾ?" ಎಂದಳು.

"ನಾನಲ್ಲ ಮಗಾ, ಇಲಿ."

"ಐದು ಕಾಗದ ಬರೆದೆ ಅಮ್ಮಾ. ಐದನ್ನೂ ಇಲಿ ತಿಂತಾ? ಇಡೀ ಜೀವನ ಬೇರೆಯವರ ವಾಕ್ಯ ತಿದ್ದಿದವರು ನೀವು. ಇದಕ್ಕಿಂತ ಚೆನ್ನಾಗಿರೋ ಒಂದು ವಾಕ್ಯ ಸಿಗ್ಲಿಲ್ವಾ?"

ಚೂರುಗಳನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಕೆಳಗೆ ಬೇಕರಿಯವರು ಕರೆದರು. "ಕೆಲ್ಸ ಇದೆ, ಸಂಜೆ ಬಸ್ಸು ಐದಕ್ಕೆ" ಎಂದು ಹೇಳಿ ಇಳಿದು ಹೋದಳು. ಫ್ರಾಕುಗಳನ್ನು ಬಸ್ಸಿನಲ್ಲೇ ಬಿಟ್ಟು ಬಂದೆ, ಯಾರಿಗಾದರೂ ಆದೀತೆಂದು.

ಇನ್ನು ಬರೆಯಲು ಆಗುವುದಿಲ್ಲ.


ಜೂನ್ 2

ಅಮ್ಮಾವ್ರಿಗೆ,

ನಿಮ್ಮ ಕಾಗದ ಓದಿದ ದಿನ ತೊಟ್ಟಿಲನ್ನು ಅಂಚೆಯವನಿಗೆ ಕೊಟ್ಟೆ. ಅವನ ಹೆಂಡತಿಗೆ ತುಂಬು ಬಸುರು.

ಆಮೇಲೆ ನಿಮ್ಮನ್ನು ಕೇಳದೆ ಇನ್ನೊಂದು ಕೆಲಸ ಮಾಡಿದೆ. ಕೀಲಿಗೊಂಚಲನ್ನು ಹೆಂಡತಿಯ ಕೈಗೆ ಕೊಟ್ಟು ನಾನೂ ಆ ಊರಿಗೆ ಹೋದೆ. ಬಾಗಿಲು ತೆಗೆದವಳು ನನ್ನನ್ನು ನೋಡಿ ಒಂದು ಕ್ಷಣ ಹಳೆಯ ಪೀಪಿಯೇ ಆದಳು. "ಬೀಗದ ಮಾಮ, ತಲೆ ಇಷ್ಟು ಬೆಳ್ಳಗಾಯ್ತಾ" ಎಂದಳು. ಆಮೇಲೆ ನಾನು ಏಕೆ ಬಂದಿದ್ದೇನೆಂದು ಹೊಳೆದು ಮುಖ ಮುಚ್ಚಿಕೊಂಡಿತು. "ಅಮ್ಮ ಕಳ್ಸಿದ್ರಾ?"

"ನಿನ್ನಾಣೆ ಇಲ್ಲ. ಅಮ್ಮಾವ್ರಿಗೆ ಗೊತ್ತೇ ಇಲ್ಲ. ಕಡ್ಡಿ ಗೀರಿದವನು ನಾನು, ಅದನ್ನ ಹೇಳೋಕೆ ಬಂದೆ" ಎಂದೆ.

ಎಲ್ಲ ಹೇಳಿದೆ. ಕಿಟಕಿಯಿಂದ ಕಂಡು ಸುಮ್ಮನಿದ್ದದ್ದನ್ನೂ ಹೇಳಿದೆ. ಅಂಗೈಯ ಸುಟ್ಟ ಕಲೆ ತೋರಿಸಿದೆ. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, "ಮರಿಗಳಿದ್ವಾ?" ಎಂದಳು.

"ಇದ್ವು."

"ನನ್ನ ಕಾಗದದ ಮೇಲೆ ಮಲಗಿದ್ವಾ?"

"ಹೂಂ."

"ಬೆಚ್ಚಗಿದ್ವಾ ಮಾಮ?"

ತಲೆಯಾಡಿಸಿದೆ. ಆಗ ಅವಳು ಅತ್ತಳು. ಅಷ್ಟು ಅಳು ಒಂದು ಮೈಯೊಳಗೆ ಎಲ್ಲಿತ್ತೋ. ಬೇಕರಿಯ ಗಾಡಿ ಓಡಿಸುವ ಅವಳ ಗಂಡ ಸದ್ದು ಕೇಳಿ ಮೇಲೆ ಬಂದ. ನನ್ನನ್ನು ನೋಡಿದ, ಅವಳನ್ನು ನೋಡಿದ, ನಮ್ಮಿಬ್ಬರ ನಡುವೆ ನೆಲದ ಮೇಲೆ ಕೂತ. ಒಳ್ಳೆಯ ಹುಡುಗ ಅಮ್ಮಾವ್ರೇ.

ನನ್ನನ್ನು ನಂಬಿದ್ದಾಳೆ. ನೀವು ಹರಿಯಲಿಲ್ಲ, ಸುಡಲಿಲ್ಲ ಎಂಬುದು ಈಗ ಅವಳಿಗೆ ಗೊತ್ತು. ಇಲ್ಲಿಗೆ ಕಾಗದ ನಿಲ್ಲಿಸಿದರೆ ನಿಮಗೆ ಸುಖವಾಗುತ್ತಿತ್ತು. ಒಮ್ಮೆ ಒಂದು ಸಾಲು ಹೊಡೆದುಹಾಕಿ ಕೆಟ್ಟೆ, ಇನ್ನೊಮ್ಮೆ ಹಾಗೆ ಮಾಡುವುದಿಲ್ಲ. ಹೊರಡುವಾಗ ಮೆಟ್ಟಿಲವರೆಗೂ ಬಂದು ಅವಳು ಕೇಳಿದಳು:

"ನಾನು ಬರೆದದ್ದನ್ನ ಇಲಿ ತಿಂದ್ವು, ಸರಿ. ಅಮ್ಮ ಬರೆದದ್ದನ್ನ ಯಾವ ಇಲಿ ತಿಂತು ಮಾಮ? ಇವರ ಅಣ್ಣ ಪ್ರತಿ ವರ್ಷ ನಿಮ್ಮ ಕಡಲತೀರದಲ್ಲೇ ಕೆಲಸ ಮಾಡ್ತಾರೆ. ನಾವೆಲ್ಲಿದ್ದೀವಿ ಅಂತ ಅವರನ್ನ ಯಾರೂ ಒಂದು ಸಲಾನೂ ಕೇಳ್ಲಿಲ್ಲ."

ನೀವು ನನಗೆ ಬರೆದು ವಿಚಾರಿಸಲು ಹೇಳಿದ್ದರೆ ಅರ್ಧ ದಿನದ ಕೆಲಸ. ನೀವು ಹೇಳಲಿಲ್ಲ. ನಾನಾಗಿಯೂ ಮಾಡಲಿಲ್ಲ.

ಬೀಗದ ಮಾಮ


ಜೂನ್ 13

ಬೀಗದ ಮಾಮನವರಿಗೆ,

ಅವಳು ಕೇಳಿದ್ದು ಸರಿಯಾಗಿದೆ. ಯಾವ ಇಲಿಯೂ ತಿನ್ನಲಿಲ್ಲ. ನಾನು ಬರೆಯಲೇ ಇಲ್ಲ.

ಚಿಕ್ಕವಳು ಮೊದಲು ಬಗ್ಗಲಿ ಎಂದು ಕೂತಿದ್ದೆ. ಅವಳು ಐದು ಸಲ ಬಗ್ಗಿದ್ದಳು. ಕೋಣೆಯನ್ನು ಇಟ್ಟಲ್ಲೇ ಇಟ್ಟಿದ್ದೇನೆ, ಅದೇ ನನ್ನ ಪ್ರೀತಿ ಎಂದುಕೊಂಡಿದ್ದೆ. ಅದನ್ನು ಅವಳಿಗೆ ಹೇಳಿದವರು ಯಾರು? ಬೀಗ ಹಾಕಿದ ಬಾಗಿಲು ಹೇಳುತ್ತದೆಯೇ?

ಆ ಕೋಣೆಯನ್ನು ತೆರೆದುಬಿಡಿ. ಅವಳ ಪುಸ್ತಕಗಳನ್ನು ಅವಳಿಗೆ ಕಳಿಸಿ. ಬಟ್ಟೆ ಯಾರಿಗೆ ಬೇಕೋ ಕೊಡಿ. ಮನೆ ಯಾರಾದರೂ ವಾಸ ಮಾಡುವವರಿಗೆ ಹೋಗಲಿ. ಸಂಘದವರಿಗೆ ಬೇರೆ ಬರೆದಿದ್ದೇನೆ.

ನಿಮ್ಮನ್ನು ಒಂದು ಕೇಳಬೇಕು. ಕೇಳಲು ನಾಚಿಕೆಯಾಗುತ್ತದೆ. ಎರಡು ಗಂಟೆ ಅವಳ ಎದುರು ಕೂತಿದ್ದೆ. ನನ್ನ ತಪ್ಪಿಲ್ಲ, ನನ್ನ ತಪ್ಪಿಲ್ಲ ಎಂದು ಹೇಳುವುದರಲ್ಲೇ ಹೊತ್ತು ಹೋಯಿತು. ಮಗುವಿನ ಹೆಸರು ಏನೆಂದು ನಾನು ಕೇಳಲಿಲ್ಲ. ಹನ್ನೊಂದು ತಿಂಗಳು ಬದುಕಿದ ಮಗು, ಏನೋ ಒಂದು ಹೆಸರಿಟ್ಟು ಕರೆದಿರುತ್ತಾರೆ. ನೀವು ಹೋದಾಗ ಮಾತಿನ ನಡುವೆ ಹೇಳಿದ್ದಳೇ? ಹೇಳಿದ್ದರೆ ಒಂದು ಕಾರ್ಡಿನಲ್ಲಿ ಅಷ್ಟೇ ಬರೆದು ಹಾಕಿ. ಬೇರೇನೂ ಬೇಡ.

ಪೀಪಿಯ ಅಮ್ಮ


ಜೂನ್ 19

ಅಮ್ಮಾವ್ರೇ,

ಹೇಳಿದ್ದಾಳೆ. ತುಂಬ ಚಂದದ ಹೆಸರು. ನಿಮಗೆ ನಾನು ಹೇಳಬಾರದೆಂದು ಕೈ ಹಿಡಿದು ಮಾತು ತೆಗೆದುಕೊಂಡಿದ್ದಾಳೆ. "ಅಮ್ಮನಿಗೆ ಬೇಕು ಅನ್ನಿಸಿದ ದಿನ ಅಮ್ಮನೇ ನನ್ನನ್ನ ಕೇಳಲಿ" ಎಂದಳು.

ಆ ಬೇಕರಿಗೆ ಬುಧವಾರ ರಜೆ. ಅಂದು ಅವಳು ಮನೆಯಲ್ಲೇ ಇರುತ್ತಾಳೆ.

ಬೀಗದ ಮಾಮ